ಊರಿಗೆ ಬೇಡವಾದ ನ್ಯಾಯಾಧೀಶ

ಅಮೆರಿಕದ ದಕ್ಷಿಣ ಕೆರೊಲೈನಾ ರಾಜ್ಯದ ಹಳೆಯ ಬಂದರು ಚಾರ್ಲ್ಸ್‌ಟನ್‌ನಲ್ಲಿ ಬ್ರಾಡ್ ಸ್ಟ್ರೀಟ್ ಎಂಬ ಬೀದಿ ಒಂದು ಗಡಿಯೂ ಹೌದು. ಅದರ ದಕ್ಷಿಣಕ್ಕೆ ಹಳೆಯ ಮನೆತನಗಳ ವಾಸ. ಎತ್ತರದ ಕಂಬಗಳ ಜಗಲಿ, ಗೋಡೆಯ ಮರೆಯ ಕೈತೋಟ, ತಲೆಮಾರುಗಳಿಂದ ಉಜ್ಜಿ ಹೊಳಪು ಕಂಡ ಬೆಳ್ಳಿ ಪಾತ್ರೆಗಳು. ಅಲ್ಲಿ ಮನುಷ್ಯನ ಬೆಲೆ ಕಟ್ಟುವಾಗ ಮೊದಲು ಕೇಳುತ್ತಿದ್ದದ್ದು ಅಜ್ಜನ ಹೆಸರು, ಆಮೇಲೆ ಆಸ್ತಿಯ ಲೆಕ್ಕ. 1861ರ ಏಪ್ರಿಲ್‌ನಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾದದ್ದು ಇದೇ ಬಂದರಿನ ಬಾಯಲ್ಲಿರುವ ಫೋರ್ಟ್ ಸಮ್ಟರ್ ಕೋಟೆಯ ಮೇಲಿನ ದಾಳಿಯಿಂದ. ಯುದ್ಧ ಸೋತು ಗುಲಾಮಗಿರಿ ಹೋಗಿ ದಶಕಗಳಾದರೂ ಬ್ರಾಡ್ ಬೀದಿಯ ಆಚೆಗಿನವರು ಆ ಸೋಲನ್ನು ಪಿತೃಕಾರ್ಯದ ಶ್ರದ್ಧೆಯಿಂದ ನೆನೆಯುತ್ತಿದ್ದರು.

ಜೂಲಿಯಸ್ ವೇಟೀಸ್ ವೇರಿಂಗ್ ಹುಟ್ಟಿದ್ದು ಇಂಥ ಊರಿನಲ್ಲಿ, 1880ರ ಜುಲೈ 27ರಂದು. ಚಾರ್ಲ್ಸ್‌ಟನ್ನಿನಲ್ಲಿ ನೆಲೆಸಿದ ವಂಶದ ಎಂಟನೆಯ ತಲೆಮಾರು. ತಂದೆ ದಕ್ಷಿಣದ ಸೇನೆಯಲ್ಲಿ ಕಾದಾಡಿ ಬಂದವರು, ಹಿರಿಯರು ಗುಲಾಮರನ್ನು ಇಟ್ಟುಕೊಂಡಿದ್ದವರು. ಮಗುವನ್ನು ಎತ್ತಿ ಆಡಿಸಿದ ದಾದಿಯೂ ಹಿಂದೆ ಗುಲಾಮಳಾಗಿದ್ದ ಹೆಂಗಸು. 1900ರಲ್ಲಿ ಕಾಲೇಜ್ ಆಫ್ ಚಾರ್ಲ್ಸ್‌ಟನ್‌ನಿಂದ ಪದವಿ ಪಡೆದ ವೇರಿಂಗ್ ಕಾನೂನು ಕಾಲೇಜಿನ ಮೆಟ್ಟಿಲು ಹತ್ತಲಿಲ್ಲ. ಅಂದಿನ ರೂಢಿಯಂತೆ ವಕೀಲರೊಬ್ಬರ ಕಚೇರಿಯಲ್ಲಿ ಕುಳಿತು ಓದಿ 1902ರಲ್ಲಿ ಸನ್ನದು ಪಡೆದರು. ಕೆಲವು ವರ್ಷ ಸಹಾಯಕ ಫೆಡರಲ್ ಅಭಿಯೋಜಕ, 1933ರಿಂದ ನಗರಸಭೆಯ ವಕೀಲ. 1913ರಲ್ಲಿ ಊರಿನ ಒಪ್ಪಿತ ಮನೆತನದ ಆ್ಯನಿ ಗ್ಯಾಮೆಲ್ ಜೊತೆ ಮದುವೆ, ಒಬ್ಬಳು ಮಗಳು, ಸೇಂಟ್ ಸಿಸಿಲಿಯಾ ಸೊಸೈಟಿಯ ಸದಸ್ಯತ್ವ. ಆ ಸೊಸೈಟಿಯ ವಾರ್ಷಿಕ ನೃತ್ಯಕೂಟಕ್ಕೆ ಕರೆ ಬಂದರೆ ಚಾರ್ಲ್ಸ್‌ಟನ್ನಿನಲ್ಲಿ ಅದಕ್ಕಿಂತ ದೊಡ್ಡ ಮರ್ಯಾದೆ ಇರಲಿಲ್ಲ. ಅರವತ್ತು ದಾಟುವವರೆಗೂ ವೇರಿಂಗ್ ಊರಿನ ಯಾವ ಕಟ್ಟುಕಟ್ಟಳೆಯನ್ನೂ ಮುರಿದವರಲ್ಲ.

ಅದೇ ಮನುಷ್ಯನ ಮನೆಯ ಪಕ್ಕ ಎಪ್ಪತ್ತರ ಅಂಚಿನಲ್ಲಿ ಬಿಳಿಯರ ಶ್ರೇಷ್ಠತೆ ಸಾರುವ ಗುಪ್ತಸಂಘ ಕೂ ಕ್ಲಕ್ಸ್ ಕ್ಲಾನ್‌ನ ಶಿಲುಬೆ ಉರಿಯಿತು. ಹೀಗೇಕಾಯಿತು ಎಂಬುದಕ್ಕೆ ಊರಿನವರು ಒಂದು ಸುಲಭದ ಕಾರಣ ಕಂಡುಕೊಂಡರು: ಮೊದಲ ಹೆಂಡತಿಯನ್ನು ಬಿಟ್ಟು ಉತ್ತರದವಳೊಬ್ಬಳನ್ನು ಕಟ್ಟಿಕೊಂಡ, ಊರು ಅವಳನ್ನು ಮನೆಯೊಳಗೆ ಸೇರಿಸಲಿಲ್ಲ, ಆ ಸಿಟ್ಟನ್ನು ತೀರ್ಪುಗಳಲ್ಲಿ ತೀರಿಸಿಕೊಂಡ. ಚಾರ್ಲ್ಸ್‌ಟನ್ನಿನ ಊಟದ ಮನೆಗಳಲ್ಲಿ ಈ ಕಥೆ ದಶಕಗಳ ಕಾಲ ಓಡಾಡಿತು. ಹೊರಗಿನ ಪತ್ರಕರ್ತರೂ ಅದನ್ನು ನಂಬಿದರು. ಕೋರ್ಟಿನ ದಾಖಲೆಗಳ ತಾರೀಖುಗಳನ್ನು ಪಕ್ಕದಲ್ಲಿಟ್ಟು ನೋಡಿದರೆ ಮಾತ್ರ ಅದು ನಿಲ್ಲುವುದಿಲ್ಲ.

ಈ ಕಥೆಗೆ ಮುನ್ನ ವೇರಿಂಗ್ ಕುಳಿತ ಪೀಠದ ಬಗ್ಗೆ ಒಂದೆರಡು ಮಾತು. ನಮ್ಮಲ್ಲಿ ಕೇಂದ್ರದ ಕಾನೂನಿನ ವ್ಯಾಜ್ಯವಿರಲಿ, ರಾಜ್ಯದ ಕಾನೂನಿನದಿರಲಿ, ಸಾಮಾನ್ಯವಾಗಿ ಅದೇ ಜಿಲ್ಲಾ ಕೋರ್ಟಿನ ಮೆಟ್ಟಿಲು ಹತ್ತುತ್ತದೆ. ಅಮೆರಿಕದಲ್ಲಿ ಹಾಗಿಲ್ಲ. ರಾಜ್ಯಗಳ ಕೋರ್ಟುಗಳು ಒಂದು ಸಾಲು, ಒಕ್ಕೂಟ ಸರ್ಕಾರದ ಕೋರ್ಟುಗಳು ಇನ್ನೊಂದು. ಫೆಡರಲ್ ಸಾಲಿನ ತಳದಲ್ಲಿರುವುದು ಜಿಲ್ಲಾ ನ್ಯಾಯಾಲಯ. ಸಾಕ್ಷಿಗಳ ಬಾಯಿಮಾತು ಕೇಳುವುದು, ಜೂರಿ ಕೂರಿಸುವುದು ಎಲ್ಲ ನಡೆಯುವುದು ಇಲ್ಲೇ. ಇಲ್ಲಿನ ನ್ಯಾಯಾಧೀಶನನ್ನು ರಾಷ್ಟ್ರಾಧ್ಯಕ್ಷರು ಹೆಸರಿಸಿ ಸೆನೆಟ್ ಒಪ್ಪಿದರೆ ಹುದ್ದೆ ಜೀವನಪರ್ಯಂತ. ಸಂಬಳ ಕಡಿತ ಮಾಡುವಂತಿಲ್ಲ, ಮಹಾಭಿಯೋಗವಿಲ್ಲದೆ ಕಿತ್ತುಹಾಕುವಂತಿಲ್ಲ. ಆದರೆ ಆ ಹೆಸರು ಬರುವುದು ಬಹುಮಟ್ಟಿಗೆ ಅದೇ ರಾಜ್ಯದ ಸೆನೆಟರುಗಳ ಕೃಪೆಯಿಂದ. ಹೀಗಾಗಿ ದಕ್ಷಿಣದ ರಾಜ್ಯಗಳಲ್ಲಿ ಈ ಪೀಠ ಏರುತ್ತಿದ್ದವರು ಸಾಮಾನ್ಯವಾಗಿ ಊರಿನ ಮನಸ್ಸನ್ನೇ ಹೊತ್ತು ಬಂದವರು.

ವೇರಿಂಗ್ ಕೂಡ ಹಾಗೆಯೇ ಬಂದರು. ಅವರ ಬೆನ್ನಿಗಿದ್ದ ಸೆನೆಟರುಗಳಲ್ಲಿ ಒಬ್ಬರು ಹಳೆಯ ಮೇಯರ್ ಬರ್ನೆಟ್ ಮೇಬ್ಯಾಂಕ್, ಇನ್ನೊಬ್ಬರು ‘ಕಾಟನ್ ಎಡ್’ ಎಂದೇ ಹೆಸರಾದ ಎಲಿಸನ್ ಸ್ಮಿತ್. 1936ರ ಡೆಮಾಕ್ರಟಿಕ್ ಪಕ್ಷದ ಮಹಾಧಿವೇಶನದಲ್ಲಿ ಕಪ್ಪುವರ್ಣದ ಪಾದ್ರಿಯೊಬ್ಬರು ಪ್ರಾರ್ಥನೆಗೆ ಎದ್ದು ನಿಂತದ್ದಕ್ಕೇ ಸಭೆ ಬಿಟ್ಟು ಹೊರನಡೆದ ಮಹಾಶಯ ಈ ಸ್ಮಿತ್. 1938ರಲ್ಲಿ ಇವರ ಚುನಾವಣೆಗೆ ವೇರಿಂಗ್ ದುಡಿದಿದ್ದರು. 1942ರ ಜನವರಿಯಲ್ಲಿ ಫ್ರಾಂಕ್ಲಿನ್ ರೂಸ್‌ವೆಲ್ಟ್ ನೇಮಕದ ಮೇರೆಗೆ ದಕ್ಷಿಣ ಕೆರೊಲೈನಾದ ಪೂರ್ವ ಜಿಲ್ಲೆಯ ನ್ಯಾಯಾಧೀಶರಾಗಿ ವೇರಿಂಗ್ ಪ್ರಮಾಣವಚನ ಸ್ವೀಕರಿಸಿದಾಗ ಹೊಸತೇನೋ ಆಯಿತು ಎಂದು ಯಾರಿಗೂ ಅನ್ನಿಸಿರಲಾರದು.

ಮೊದಲ ಅಚ್ಚರಿ ಎರಡು ವರ್ಷದಲ್ಲೇ ಬಂತು. ಚಾರ್ಲ್ಸ್‌ಟನ್ನಿನ ಶಾಲೆಗಳಲ್ಲಿ ಒಂದೇ ಓದು, ಒಂದೇ ಅನುಭವದ ಇಬ್ಬರಲ್ಲಿ ಕಪ್ಪು ಶಿಕ್ಷಕಿಗೆ ಬಿಳಿಯ ಶಿಕ್ಷಕಿಗಿಂತ ಕಡಿಮೆ ಸಂಬಳ. ವಯೋಲಾ ಡುವಾಲ್ ಎಂಬ ಶಿಕ್ಷಕಿ ದಾವೆ ಹೂಡಿದರು. ಕರಿಯರ ಹಕ್ಕುಗಳ ಸಂಘಟನೆ ಎನ್‌ಎಎಸಿಪಿಯಿಂದ ವಾದಿಸಲು ಬಂದವರು ಥರ್ಗುಡ್ ಮಾರ್ಷಲ್, ಮುಂದೆ ಅಮೆರಿಕದ ಸುಪ್ರೀಂ ಕೋರ್ಟಿನ ಮೊದಲ ಕಪ್ಪು ನ್ಯಾಯಮೂರ್ತಿಯಾದವರು. ದಕ್ಷಿಣದ ಕೋರ್ಟುಗಳಲ್ಲಿ ಅವಮಾನ ನುಂಗಿ ಅಭ್ಯಾಸವಾಗಿದ್ದ ಮಾರ್ಷಲ್ ಇಲ್ಲೂ ಅದಕ್ಕೇ ಸಿದ್ಧರಾಗಿ ಬಂದಿದ್ದರು. ಪೀಠದಲ್ಲಿದ್ದ ನ್ಯಾಯಾಧೀಶ ಎಷ್ಟು ನೇರವಾಗಿ ನಡೆದುಕೊಂಡರೆಂದರೆ, ಅರ್ಧ ಹೊತ್ತು ತಾನು ಬಾಯಿ ತೆರೆದುಕೊಂಡೇ ವಾದಿಸಿದ ಕೇಸು ಅದೊಂದೇ ಎಂದು ಅವರು ಆಮೇಲೆ ಹೇಳಿಕೊಂಡಿದ್ದಾರೆ. ಸಂಬಳ ಸಮಾನವಾಗಬೇಕೆಂದು ವೇರಿಂಗ್ ಆಜ್ಞೆ ಮಾಡಿದರು. ಇದು 1944ರ ಫೆಬ್ರುವರಿ ಮಾತು. ಆಗ ಅವರು ಆ್ಯನಿಯ ಗಂಡ, ಸೇಂಟ್ ಸಿಸಿಲಿಯಾ ಸೊಸೈಟಿಯ ಸದಸ್ಯ, ಬ್ರಾಡ್ ಬೀದಿಯ ದಕ್ಷಿಣದ ಮರ್ಯಾದಸ್ಥ.

ಹಾಗೆಂದು ಆಗಲೇ ಅವರೊಳಗೆ ಕ್ರಾಂತಿಯಾಗಿತ್ತು ಎನ್ನುವುದೂ ಸರಿಯಲ್ಲ. ಕಾನೂನು ಸ್ಪಷ್ಟವಾಗಿತ್ತು, ಹಾಗೆಯೇ ಓದಿದರು, ಅಷ್ಟೇ. ‘ಬೇರೆ ಬೇರೆಯಾದರೂ ಸಮಾನ’ ಎಂಬ 1896ರ ಪ್ಲೆಸಿ ತೀರ್ಪು ದೇಶದ ಕಾನೂನಾಗಿದ್ದಾಗ, ‘ಬೇರೆ ಬೇರೆ’ಯನ್ನು ಮಾತ್ರ ಗಟ್ಟಿಯಾಗಿ ಹಿಡಿದುಕೊಂಡು ‘ಸಮಾನ’ವನ್ನು ಎಲ್ಲರೂ ಮರೆತಿದ್ದರು. ವೇರಿಂಗ್ ಅದನ್ನು ನೆನಪಿಸಿದರು.

ವಿಚ್ಛೇದನವಾದದ್ದು 1945ರಲ್ಲಿ. ದಕ್ಷಿಣ ಕೆರೊಲೈನಾದಲ್ಲಿ ಆಗ ವಿಚ್ಛೇದನಕ್ಕೆ ಕಾನೂನಿನಲ್ಲಿ ದಾರಿಯೇ ಇರಲಿಲ್ಲ. ಆ ಹಕ್ಕು ಅಲ್ಲಿಗೆ ಬಂದದ್ದು 1949ರಲ್ಲಿ. ಆದ್ದರಿಂದ ಮೂವತ್ತೆರಡು ವರ್ಷ ಜೊತೆಗೆ ಬಾಳಿದ ಆ್ಯನಿ ಫ್ಲಾರಿಡಾಕ್ಕೆ ಹೋಗಿ ವಿಚ್ಛೇದನ ಪಡೆಯಬೇಕಾಯಿತು. ಅದೇ ವರ್ಷ ವೇರಿಂಗ್ ಮದುವೆಯಾದ ಎಲಿಜಬೆತ್ ಉತ್ತರದ ಡೆಟ್ರಾಯಿಟ್‌ನವರು. ಅದಾಗಲೇ ಎರಡು ಮದುವೆ ಮುರಿದುಕೊಂಡಿದ್ದ, ಮನಸ್ಸಿಗೆ ಬಂದದ್ದನ್ನು ಬಾಯಲ್ಲಿ ಹಿಡಿದಿಡಲಾರದ ಹೆಂಗಸು. ಊರು ಬಾಗಿಲು ಮುಚ್ಚಿತು. ಆ್ಯನಿಗೆ ಆದ ಅನ್ಯಾಯದ ಬಗ್ಗೆ ಊರಿಗಿದ್ದ ನೋವು ನಟನೆಯೇನಲ್ಲ. ವೇರಿಂಗ್ ಮನೆಯೊಳಗೆ ಒಳ್ಳೆಯ ಮನುಷ್ಯರಾಗಿದ್ದರೇ ಎಂಬ ಪ್ರಶ್ನೆಗೆ ಕೋರ್ಟಿನ ದಾಖಲೆಗಳಲ್ಲಿ ಉತ್ತರವಿಲ್ಲ.

ಅವರನ್ನು ನಿಜವಾಗಿ ಅಲುಗಿಸಿದ್ದು ಮರುವರ್ಷ ಅವರದೇ ಕೋರ್ಟಿನಲ್ಲಿ ಕಂಡ ಒಂದು ಮೊಕದ್ದಮೆ.

ಐಸಾಕ್ ವುಡರ್ಡ್ ಇಪ್ಪತ್ತಾರರ ಕಪ್ಪು ಯುವಕ, ಸೇನೆಯ ಸಾರ್ಜೆಂಟ್. ಎರಡನೆಯ ಮಹಾಯುದ್ಧದಲ್ಲಿ ಪೆಸಿಫಿಕ್ ರಂಗದಲ್ಲಿ ದುಡಿದು ಬಂದು, 1946ರ ಫೆಬ್ರುವರಿ 12ರಂದು ಜಾರ್ಜಿಯಾದ ಕ್ಯಾಂಪ್ ಗಾರ್ಡನ್‌ನಲ್ಲಿ ಬಿಡುಗಡೆ ಪತ್ರ ಪಡೆದು, ಸಮವಸ್ತ್ರದಲ್ಲೇ ಗ್ರೇಹೌಂಡ್ ಬಸ್ಸು ಹತ್ತಿದರು. ದಾರಿಯಲ್ಲಿ ಬಸ್ಸು ನಿಂತಾಗ ಮೂತ್ರಕ್ಕೆ ಹೋಗಿಬರಲೇ ಎಂದು ಕೇಳಿದ್ದಕ್ಕೆ ಚಾಲಕ ಗದರಿದ, ಇವರೂ ಮಾತಿಗೆ ಮಾತು ಕೊಟ್ಟರು. ಬೇಟ್ಸ್‌ಬರ್ಗ್ ಎಂಬ ಪುಟ್ಟ ಊರಿನಲ್ಲಿ ಚಾಲಕ ಬಸ್ಸು ನಿಲ್ಲಿಸಿ ಪೊಲೀಸರನ್ನು ಕರೆದ. ಪೊಲೀಸ್ ಮುಖ್ಯಸ್ಥ ಲಿನ್‌ವುಡ್ ಶಲ್ ತೊಗಲಿನ ದೊಣ್ಣೆಯಿಂದ ಹೊಡೆದ ಹೊಡೆತಕ್ಕೆ ವುಡರ್ಡ್‌ರ ಎರಡೂ ಕಣ್ಣು ಒಡೆದುಹೋದವು. ಮರುದಿನ ಬೆಳಿಗ್ಗೆ ಕಣ್ಣು ಕಾಣದ ಆ ಮನುಷ್ಯನನ್ನು ಊರಿನ ಕೋರ್ಟಿನ ಮುಂದೆ ನಿಲ್ಲಿಸಿ ದಂಡ ಹಾಕಲಾಯಿತು.

ಸುದ್ದಿ ಹೊರಬೀಳಲು ತಿಂಗಳುಗಳೇ ಹಿಡಿದವು. ಬಿದ್ದ ಮೇಲೆ ನಿಲ್ಲಲಿಲ್ಲ. ಚಿತ್ರನಿರ್ದೇಶಕ ಆರ್ಸನ್ ವೆಲ್ಸ್ ತಮ್ಮ ರೇಡಿಯೊ ಕಾರ್ಯಕ್ರಮದಲ್ಲಿ ವಾರವಾರವೂ ಆ ಪೊಲೀಸನನ್ನು ಹುಡುಕುತ್ತ ಹೋದರು. ಸೆಪ್ಟೆಂಬರ್‌ನಲ್ಲಿ ಎನ್‌ಎಎಸಿಪಿಯ ವಾಲ್ಟರ್ ವೈಟ್ ಶ್ವೇತಭವನಕ್ಕೆ ಹೋಗಿ ಅಧ್ಯಕ್ಷ ಹ್ಯಾರಿ ಟ್ರೂಮನ್‌ಗೆ ಇದನ್ನು ಹೇಳಿದರು. ಮೊದಲ ಮಹಾಯುದ್ಧದಲ್ಲಿ ತಾವೇ ಸೈನಿಕರಾಗಿದ್ದ ಟ್ರೂಮನ್ ಕೆರಳಿದರು. ಕೆಲವೇ ದಿನಗಳಲ್ಲಿ ಶಲ್ ಮೇಲೆ ಫೆಡರಲ್ ಮೊಕದ್ದಮೆ ಹೂಡಲಾಯಿತು. ಅದು ಬಂದು ಬಿದ್ದದ್ದು ವೇರಿಂಗ್ ಮುಂದೆ.

1946ರ ನವೆಂಬರ್ 5ರಂದು ರಾಜಧಾನಿ ಕೊಲಂಬಿಯಾದಲ್ಲಿ ವಿಚಾರಣೆ ನಡೆಯಿತು. ಜೂರಿಯಲ್ಲಿದ್ದವರೆಲ್ಲ ಬಿಳಿಯರು. ಸರ್ಕಾರದ ಅಭಿಯೋಜಕರಿಗೆ ಗೆಲ್ಲುವ ಹುರುಪೇ ಇರಲಿಲ್ಲ. ಕರೆಸಬೇಕಾದ ಸಾಕ್ಷಿಗಳನ್ನು ಕರೆಸಿರಲಿಲ್ಲ. ಆರೋಪಿಯ ವಕೀಲರಂತೂ, ಇವನನ್ನು ಶಿಕ್ಷಿಸುವುದಾದರೆ ದಕ್ಷಿಣ ಕೆರೊಲೈನಾ ಮತ್ತೊಮ್ಮೆ ಒಕ್ಕೂಟ ಬಿಟ್ಟು ಹೊರನಡೆಯಲಿ ಎಂಬರ್ಥದ ಮಾತಾಡಿದರು. ಜೂರಿ ಒಳಕೋಣೆಗೆ ಹೋದಾಗ ಇವರು ಐದು ನಿಮಿಷದಲ್ಲಿ ಹೊರಬರುತ್ತಾರೆಂಬುದು ವೇರಿಂಗ್‌ಗೆ ಖಚಿತವಾಗಿತ್ತು. ಒಬ್ಬ ಮನುಷ್ಯನ ಕಣ್ಣಿನ ವಿಷಯಕ್ಕೆ ಕನಿಷ್ಠ ಇಪ್ಪತ್ತು ನಿಮಿಷವಾದರೂ ಸಲ್ಲಬೇಡವೇ? ನ್ಯಾಯಾಧೀಶ ಪೀಠದಲ್ಲಿಲ್ಲದೆ ಜೂರಿ ತೀರ್ಪು ಒಪ್ಪಿಸುವಂತಿಲ್ಲ. ವೇರಿಂಗ್ ಎದ್ದು ಬೀದಿಯಲ್ಲಿ ಅಡ್ಡಾಡಲು ಹೋದರು. ಮರಳಿ ಬರುವಾಗ ಜೂರಿ ಬಾಗಿಲು ಬಡಿಯುತ್ತಿತ್ತು. ಒಟ್ಟು 28 ನಿಮಿಷ, ನಿರ್ದೋಷಿ.

ಪ್ರೇಕ್ಷಕರ ಸಾಲಿನಲ್ಲಿದ್ದ ಎಲಿಜಬೆತ್ ಅಳುತ್ತ ಹೊರಗೆ ಹೋದರು. ನ್ಯಾಯಾಧೀಶರಿಗೆ ಅಳುವ ಅವಕಾಶವಿಲ್ಲ, ಅಡ್ಡಾಡಿಬರುವ ಅಧಿಕಾರ ಮಾತ್ರ ಇತ್ತು. ಅವರ ನ್ಯಾಯಿಕ ಬದುಕಿನ ಅತ್ಯಂತ ದೈನ್ಯದ ಗಳಿಗೆ ಇದು. ಅತ್ಯಂತ ಫಲ ಕೊಟ್ಟದ್ದೂ ಇದೇ. ಆ ಚಳಿಗಾಲದಲ್ಲಿ ಗಂಡಹೆಂಡತಿ ದಕ್ಷಿಣದ ಸಮಾಜವನ್ನು ಕುರಿತ ಪುಸ್ತಕಗಳನ್ನು ತಂದು ಓದತೊಡಗಿದರು. ಸ್ವೀಡನ್ನಿನ ಗುನ್ನಾರ್ ಮಿರ್ಡಾಲ್ ಬರೆದ ದಪ್ಪ ಗ್ರಂಥ, ದಕ್ಷಿಣದವರೇ ಆದ ಡಬ್ಲ್ಯು. ಜೆ. ಕ್ಯಾಷ್ ಬರೆದ ಪುಸ್ತಕ. ಎಲಿಜಬೆತ್ ಓದಿ ಹೇಳುವುದು, ವೇರಿಂಗ್ ಕೇಳುವುದು, ಆಮೇಲೆ ಕಾರಿನಲ್ಲಿ ಹಳ್ಳಿಗಾಡು ಸುತ್ತಿ ಬರುವುದು. ಅರವತ್ತಾರನೆಯ ವಯಸ್ಸಿನಲ್ಲಿ ಒಬ್ಬ ಮನುಷ್ಯ ತಾನು ಹುಟ್ಟಿದ ಊರನ್ನು ಮೊದಲ ಬಾರಿಗೆ ನೋಡತೊಡಗಿದ್ದು ಹೀಗೆ. ವಾಷಿಂಗ್ಟನ್‌ನಲ್ಲೂ ಅದೇ ಡಿಸೆಂಬರ್‌ನಲ್ಲಿ ಟ್ರೂಮನ್ ನಾಗರಿಕ ಹಕ್ಕುಗಳ ಸಮಿತಿ ನೇಮಿಸಿದರು. ಸೇನೆಯಲ್ಲಿ ವರ್ಣಭೇದ ತೊಡೆಯುವ ಆಜ್ಞೆಗೆ 1948ರ ಜುಲೈ 26ರಂದು ಸಹಿ ಬಿತ್ತು.

ವೇರಿಂಗ್ ತಮ್ಮ ಕೋರ್ಟಿನೊಳಗೂ ಕೈಹಾಕಿದರು. ಕರಿಯರು ಒಂದು ಕಡೆ, ಬಿಳಿಯರು ಒಂದು ಕಡೆ ಎಂಬ ಕೂರುವ ವ್ಯವಸ್ಥೆ ಹೋಯಿತು. ಜೂರಿ ಪಟ್ಟಿಯಲ್ಲಿ ಕರಿಯರ ಹೆಸರಿನ ಮುಂದೆ ಗುರುತು ಹಾಕುವ ಪದ್ಧತಿ ನಿಂತಿತು. ಜಾನ್ ಫ್ಲೆಮಿಂಗ್ ಎಂಬ ಕಪ್ಪು ಮನುಷ್ಯ ಕೋರ್ಟಿನ ಬೇಲಿಫ್ ಆಗಿ ನಿಂತರು. ಕಾಗದದ ಮೇಲೆ ಇವು ಚಿಲ್ಲರೆ ಸಂಗತಿಗಳು. ಆದರೆ ವಿಚಾರಣಾ ನ್ಯಾಯಾಧೀಶನ ಕೈಗೆ ನೇರವಾಗಿ ನಿಲುಕುವುದೆಲ್ಲ ಇಂಥವೇ: ಯಾರು ಎಲ್ಲಿ ಕೂರಬೇಕು, ಯಾರನ್ನು ಹೇಗೆ ಕರೆಯಬೇಕು, ಯಾವಾಗ ಎದ್ದು ಹೋಗಬೇಕು.

ಮುಂದಿನ ದೊಡ್ಡ ಪೆಟ್ಟು ಮತದಾನದ್ದು. ಆ ಕಾಲದ ದಕ್ಷಿಣ ಕೆರೊಲೈನಾದಲ್ಲಿ ಡೆಮಾಕ್ರಟಿಕ್ ಪಕ್ಷದ ಒಳಚುನಾವಣೆ ಗೆದ್ದವನೇ ಶಾಸಕ, ಅವನೇ ಗವರ್ನರ್. ನವೆಂಬರ್‌ನ ಚುನಾವಣೆ ಬರೀ ಶಾಸ್ತ್ರಕ್ಕೆ. ಒಳಚುನಾವಣೆಯಲ್ಲಿ ಕರಿಯರಿಗೆ ಮತವಿಲ್ಲ. ಇಂಥ ‘ಬಿಳಿಯರ ಪ್ರೈಮರಿ’ ಸಂವಿಧಾನಬಾಹಿರ ಎಂದು 1944ರಲ್ಲಿ ಸುಪ್ರೀಂ ಕೋರ್ಟು ಟೆಕ್ಸಸ್‌ನ ಮೊಕದ್ದಮೆಯಲ್ಲಿ ಹೇಳಿದ ಕೂಡಲೇ ಗವರ್ನರ್ ಓಲಿನ್ ಜಾನ್‌ಸ್ಟನ್ ಶಾಸನಸಭೆಯ ವಿಶೇಷ ಅಧಿವೇಶನ ಕರೆದು, ಪ್ರೈಮರಿಗೆ ಸಂಬಂಧಪಟ್ಟ ಸುಮಾರು ನೂರೈವತ್ತು ಕಾನೂನುಗಳನ್ನು ಒಂದೇ ಬೀಸಿಗೆ ರದ್ದು ಮಾಡಿಸಿದರು. ಪ್ರೈಮರಿಗೂ ಸರ್ಕಾರಕ್ಕೂ ಸಂಬಂಧವಿಲ್ಲ, ಪಕ್ಷ ಒಂದು ಖಾಸಗಿ ಕ್ಲಬ್ಬು, ಯಾರನ್ನು ಸೇರಿಸಿಕೊಳ್ಳಬೇಕೆಂಬುದು ಕ್ಲಬ್ಬಿನ ಇಷ್ಟ ಎಂಬ ಜಾಣತನ ಅದು.

ಕೊಲಂಬಿಯಾದ ಅಂಗಡಿಕಾರ ಜಾರ್ಜ್ ಎಲ್‌ಮೋರ್ 1946ರ ಪ್ರೈಮರಿಯಲ್ಲಿ ಮತ ಹಾಕಲು ಹೋಗಿ ವಾಪಸಾದರು, ದಾವೆ ಹೂಡಿದರು. 1947ರ ಜುಲೈನಲ್ಲಿ ವೇರಿಂಗ್ ಕೊಟ್ಟ ತೀರ್ಪು ಆ ಜಾಣತನವನ್ನು ಬಿಚ್ಚಿಟ್ಟಿತು. ಅಮೆರಿಕದ ಅಧ್ಯಕ್ಷರನ್ನು, ಸೆನೆಟರುಗಳನ್ನು ಆರಿಸುವ ಕ್ರಮವನ್ನು ಊರಿನ ಸ್ನೇಹಕೂಟಕ್ಕೆ ಹೋಲಿಸುವುದು ಸರಿಯಲ್ಲ ಎಂದರು. ದಕ್ಷಿಣ ಕೆರೊಲೈನಾ ಮತ್ತೆ ಒಕ್ಕೂಟ ಸೇರಿಕೊಳ್ಳುವ ಕಾಲ ಬಂದಿದೆ ಎಂಬ ಮಾತೂ ಅದರಲ್ಲಿತ್ತು. ಅಂತರ್ಯುದ್ಧದ ಮೊದಲ ಗುಂಡು ಹಾರಿದ ಊರಿನ ಮಗನಿಂದ ಬಂದ ಈ ಮಾತು ಎಲ್ಲಿ ನಾಟಬೇಕೋ ಅಲ್ಲೇ ನಾಟಿತು.

ಪಕ್ಷ ಸುಮ್ಮನಿರಲಿಲ್ಲ. ಮತ ಹಾಕಬೇಕಾದರೆ ವರ್ಣಭೇದವನ್ನು ಬೆಂಬಲಿಸುತ್ತೇನೆಂದು ಪ್ರಮಾಣ ಮಾಡಬೇಕು ಎಂಬ ಹೊಸ ಷರತ್ತು ತಂದಿತು. ಕರಿಯ ಮತದಾರ ತನ್ನ ಅವಮಾನಕ್ಕೆ ತಾನೇ ರುಜು ಹಾಕಿ ಒಳಗೆ ಬರಲಿ ಎಂದು. 1948ರ ಜುಲೈನಲ್ಲಿ ವೇರಿಂಗ್ ಅದನ್ನೂ ಕಿತ್ತೆಸೆದು, ಆಜ್ಞೆ ಮೀರಿದವರು ಜೈಲಿಗೆ ಹೋಗಬೇಕಾದೀತು ಎಂದು ಪಕ್ಷದ ಪದಾಧಿಕಾರಿಗಳಿಗೆ ಎಚ್ಚರಿಸಿದರು. ಆ ಆಗಸ್ಟ್‌ನ ಪ್ರೈಮರಿಯಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಕರಿಯರು ಮತ ಹಾಕಿದರು. ಗೆದ್ದ ಎಲ್‌ಮೋರ್ ಮಾತ್ರ ಉಳಿಯಲಿಲ್ಲ. ಸಗಟು ವ್ಯಾಪಾರಿಗಳು ಸರಕು ನಿಲ್ಲಿಸಿದರು, ಅಂಗಡಿ ಮುಳುಗಿತು, ಬಡತನದಲ್ಲೇ 1959ರಲ್ಲಿ ತೀರಿಕೊಂಡರು.

ಬಹಿಷ್ಕಾರ ಎಂದರೇನು ಎಂಬುದನ್ನು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮೀಟಿಂಗ್ ಸ್ಟ್ರೀಟಿನ 61ನೇ ನಂಬರಿನ ವೇರಿಂಗ್ ಮನೆಗೆ ಬಿಳಿಯರ ಬರಹೋಗು ನಿಂತಿತು. ದಾರಿಯಲ್ಲಿ ಎದುರಾದವರು ಮುಖ ತಿರುಗಿಸಿದರು. ಅವರ ಸೋದರನ ಮಗ ಥಾಮಸ್ ವೇರಿಂಗ್ ಊರಿನ ಪ್ರಮುಖ ಪತ್ರಿಕೆ ‘ನ್ಯೂಸ್ ಆ್ಯಂಡ್ ಕೊರಿಯರ್’ನ ಸಂಪಾದಕರಾಗಿ ವರ್ಣಭೇದದ ಪರ ದೇಶದಲ್ಲೇ ಹೆಸರು ಮಾಡಿದವರು. ಮನೆಗೆ ಬರುತ್ತಿದ್ದವರು ಕಪ್ಪು ಜನ. ಆ ಮನೆಯಲ್ಲಿ ಕರಿಯರು ಬಿಳಿಯರ ಜೊತೆ ಒಂದೇ ಮೇಜಿನಲ್ಲಿ ಕುಳಿತು ಊಟ ಮಾಡಿದರು ಎಂಬ ಸುದ್ದಿ ತೀರ್ಪುಗಳಿಗಿಂತ ಹೆಚ್ಚು ಸದ್ದು ಮಾಡಿತು.

1950ರ ಜನವರಿಯಲ್ಲಿ ಕಪ್ಪು ಹೆಂಗಸರ ಕ್ರೈಸ್ತ ಸಂಘ ವೈಡಬ್ಲ್ಯುಸಿಎಯ ಸಭೆಯಲ್ಲಿ ಎಲಿಜಬೆತ್ ಭಾಷಣ ಮಾಡಿ, ದಕ್ಷಿಣದ ಬಿಳಿಯರು ರೋಗಗ್ರಸ್ತರು, ಗೊಂದಲದಲ್ಲಿ ಬಿದ್ದವರು, ಒಳಗೇ ಕೊಳೆತವರು ಎಂಬರ್ಥದಲ್ಲಿ ಝಾಡಿಸಿದರು. ಗಂಡ ತೀರ್ಪಿನಲ್ಲಿ ಅಳೆದು ತೂಗಿ ಬರೆಯುತ್ತಿದ್ದರೆ ಹೆಂಡತಿಯದು ಯಾವ ದಾಕ್ಷಿಣ್ಯವೂ ಇಲ್ಲದ ಮಾತು. ಕೊಳ್ಳಿ ಇಡಲು ಕಾಯುತ್ತಿದ್ದವರಿಗೆ ಇಷ್ಟು ಸಾಕಾಯಿತು. ಮಾರ್ಚ್‌ನಲ್ಲಿ ಮನೆಯ ಬಳಿ ಶಿಲುಬೆ ಉರಿಯಿತು. ಅಕ್ಟೋಬರ್‌ನ ಒಂದು ರಾತ್ರಿ ದಂಪತಿ ಇಸ್ಪೀಟಾಡುತ್ತ ಕುಳಿತಿದ್ದಾಗ ಕಾಂಕ್ರೀಟ್ ಚೂರುಗಳು ಕಿಟಕಿ ಒಡೆದುಕೊಂಡು ಒಳಗೆ ಬಂದು ಬಿದ್ದವು. ಫೆಡರಲ್ ಪೊಲೀಸರ ಕಾವಲು ಹಾಕಬೇಕಾಯಿತು. ಮಹಾಭಿಯೋಗಕ್ಕಾಗಿ ಸಹಿ ಸಂಗ್ರಹ ನಡೆಯಿತು. ಇಬ್ಬರಿಗೂ ರಾಜ್ಯ ಬಿಟ್ಟು ಹೋಗಲು, ಮರಳಿ ಬಾರದಂತೆ, ಒಂದು ಕಡೆಯ ಟಿಕೆಟ್ ಕೊಡಿಸುವ ನಿರ್ಣಯವನ್ನು ರಾಜ್ಯದ ಕೆಳಮನೆ ಕೈಗೆತ್ತಿಕೊಂಡಿತು. ‘ಕೋಲಿಯರ್ಸ್’ ವಾರಪತ್ರಿಕೆ ಅವರನ್ನು ಊರಿನಲ್ಲೇ ಅತ್ಯಂತ ಒಂಟಿ ಮನುಷ್ಯ ಎಂದು ಕರೆದು ಲೇಖನ ಬರೆಯಿತು.

ಅವರ ಹೆಸರು ಉಳಿದಿರುವುದು ಈ ಗದ್ದಲದ ನಡುವೆಯೇ ಬಂದ ಕ್ಲಾರೆಂಡನ್ ಕೌಂಟಿಯ ಶಾಲೆಗಳ ಮೊಕದ್ದಮೆಯಿಂದ.

ಕ್ಲಾರೆಂಡನ್ ಹತ್ತಿ ಬೆಳೆಯುವ ಒಳನಾಡು. ಹತ್ತರಲ್ಲಿ ಏಳು ಜನ ಕರಿಯರು, ಭೂಮಿಯೆಲ್ಲ ಬಹುಪಾಲು ಬಿಳಿಯರದು. 1949-50ರಲ್ಲಿ ಅಲ್ಲಿನ ಒಬ್ಬ ಬಿಳಿಯ ವಿದ್ಯಾರ್ಥಿಗೆ ವರ್ಷಕ್ಕೆ 179 ಡಾಲರ್ ಖರ್ಚಾಗುತ್ತಿದ್ದರೆ, ಕಪ್ಪು ವಿದ್ಯಾರ್ಥಿಗೆ 43 ಡಾಲರ್. ಬಿಳಿಯ ಮಕ್ಕಳಿಗೆ ಬಸ್ಸುಗಳಿದ್ದವು. ಕಪ್ಪು ಮಕ್ಕಳು ಮೈಲುಗಟ್ಟಲೆ ನಡೆಯಬೇಕಿತ್ತು. ಪಾದ್ರಿಯೂ ಶಿಕ್ಷಕರೂ ಆಗಿದ್ದ ಜೋಸೆಫ್ ಡಿಲೇನ್ ತಮ್ಮ ಮಕ್ಕಳಿಗೂ ಒಂದು ಬಸ್ಸು ಕೊಡಿ ಎಂದು ಕೇಳಲು ಜನರನ್ನು ಒಟ್ಟುಗೂಡಿಸಿದರು. ಮೊದಲು ದಾವೆ ಹೂಡಿದ ರೈತ ಲೀವೈ ಪಿಯರ್ಸನ್‌ರ ಜಮೀನು ಎರಡು ಶಾಲಾ ವಲಯಗಳ ಗಡಿಯ ಮೇಲೆ ಬಿದ್ದಿತ್ತು. ಆ ತಾಂತ್ರಿಕ ಕಾರಣಕ್ಕೇ 1948ರಲ್ಲಿ ದಾವೆ ಬಿದ್ದುಹೋಯಿತು. ಇನ್ನು ಮುಂದೆ ಒಬ್ಬರಿಬ್ಬರು ಸಾಲದು, ಕನಿಷ್ಠ ಇಪ್ಪತ್ತು ಫಿರ್ಯಾದಿಗಳು ಬೇಕು ಎಂದು ಮಾರ್ಷಲ್ ಹೇಳಿ ಕಳಿಸಿದರು. 1949ರ ನವೆಂಬರ್‌ನಲ್ಲಿ ನೂರಕ್ಕೂ ಹೆಚ್ಚು ಮಂದಿ ಅರ್ಜಿಗೆ ಸಹಿ ಹಾಕಿದರು. ಪಟ್ಟಿಯ ಮೊದಲಲ್ಲಿದ್ದ ಹೆಸರು ಹ್ಯಾರಿ ಬ್ರಿಗ್ಸ್, ಪೆಟ್ರೋಲ್ ಬಂಕಿನಲ್ಲಿ ದುಡಿಯುತ್ತಿದ್ದ, ನೌಕಾಪಡೆಯಿಂದ ಮರಳಿದ ಮನುಷ್ಯ. ಆ ಕ್ರಿಸ್‌ಮಸ್ ಹಿಂದಿನ ದಿನ ಮಾಲೀಕ ಅವರ ಕೈಗೆ ಒಂದು ಪೆಟ್ಟಿಗೆ ಸಿಗರೇಟು ಕೊಟ್ಟು ಕೆಲಸದಿಂದ ತೆಗೆದ. ಮೋಟೆಲಿನಲ್ಲಿ ಕೆಲಸಕ್ಕಿದ್ದ ಹೆಂಡತಿ ಇಲೈಜಾಗೂ ಕೆಲಸ ಹೋಯಿತು. ಶಾಲಾ ಮಂಡಳಿಯ ಅಧ್ಯಕ್ಷ ಆರ್. ಡಬ್ಲ್ಯು. ಎಲಿಯಟ್. ಹೀಗಾಗಿ ಕೇಸಿನ ಹೆಸರು ಬ್ರಿಗ್ಸ್ ವಿರುದ್ಧ ಎಲಿಯಟ್.

1950ರ ನವೆಂಬರ್ 17ರಂದು ವಿಚಾರಣೆಗೆ ಮೊದಲಿನ ಸಭೆ. ಮಾರ್ಷಲ್ ತಂದಿದ್ದು ಎಚ್ಚರಿಕೆಯ ದಾವೆ: ಬೇರೆ ಶಾಲೆಗಳಿರಲಿ, ಆದರೆ ಸಮಾನವಾಗಿರಲಿ. ಅದನ್ನು ಕೊಡುವುದು ವೇರಿಂಗ್‌ಗೆ ಎಡಗೈ ಕೆಲಸ. ಅವರು ಒಪ್ಪಲಿಲ್ಲ. ಬೇರ್ಪಡಿಸುವ ಕಾನೂನನ್ನೇ ನೇರವಾಗಿ ಪ್ರಶ್ನಿಸಿ, ಹೊಸ ದಾವೆ ತನ್ನಿ ಎಂದರು.

ಇದರ ಹಿಂದಿದ್ದ ಲೆಕ್ಕ ಕಾನೂನಿನ ಒಳಹೊರಗು ತಿಳಿದವನಿಗೆ ಮಾತ್ರ ಹೊಳೆಯುವಂಥದ್ದು. ರಾಜ್ಯದ ಕಾನೂನು ಸಂವಿಧಾನಬಾಹಿರ ಎಂದು ತಡೆಯಾಜ್ಞೆ ಕೇಳಿದರೆ ಆಗಿನ ನಿಯಮದಂತೆ ಒಬ್ಬ ನ್ಯಾಯಾಧೀಶ ಸಾಲದು, ಮೂವರ ಪೀಠ ಕೂರಬೇಕು. ಆ ಪೀಠದ ತೀರ್ಪಿನ ಮೇಲೆ ಮಧ್ಯದ ಮೇಲ್ಮನವಿ ಕೋರ್ಟನ್ನು ದಾಟಿ ನೇರ ಸುಪ್ರೀಂ ಕೋರ್ಟಿಗೆ ಹೋಗಬಹುದು. ಉಳಿದಿಬ್ಬರು ಯಾರಾಗುತ್ತಾರೆ, ಏನು ಹೇಳುತ್ತಾರೆ ಎಂಬುದು ವೇರಿಂಗ್‌ಗೆ ಗೊತ್ತಿತ್ತು. ಒಬ್ಬರೇ ಕೂತು ಗೆಲ್ಲಿಸಬಹುದಾಗಿದ್ದ ಸಣ್ಣ ಕೇಸನ್ನು ಬಿಟ್ಟು, ಎರಡಕ್ಕೆ ಒಂದರಂತೆ ಸೋಲುವುದು ಖಚಿತವಿದ್ದ ದೊಡ್ಡ ಕೇಸನ್ನು ಅವರು ಬೇಕೆಂದೇ ಆರಿಸಿಕೊಂಡರು. ಮಾರ್ಷಲ್‌ಗೆ ಅಳುಕಿತ್ತು. ಸುಪ್ರೀಂ ಕೋರ್ಟಿನಲ್ಲಿ ಸೋತರೆ ಇನ್ನೊಂದು ತಲೆಮಾರು ಕಾಯಬೇಕಾದೀತು. ಆದರೂ ಹೊಸ ದಾವೆ ಡಿಸೆಂಬರ್‌ನಲ್ಲಿ ಸಲ್ಲಿಕೆಯಾಯಿತು.

ನ್ಯಾಯಾಧೀಶನೊಬ್ಬ ಒಂದು ಕಡೆಯ ವಕೀಲನಿಗೆ ಹೀಗೆ ದಾರಿ ತೋರಿಸಬಹುದೇ? ಎನ್‌ಎಎಸಿಪಿಯ ಮುಖಂಡರನ್ನು ಮನೆಗೆ ಕರೆದು ಸತ್ಕರಿಸುತ್ತ ಅವರದೇ ಕೇಸು ಕೇಳಬಹುದೇ? ಇಂದಾದರೆ ಎದುರು ಪಕ್ಷದವರು ಪೀಠ ಬಿಟ್ಟುಕೊಡಿ ಎಂದು ಮೊದಲ ದಿನವೇ ಅರ್ಜಿ ಹಾಕುತ್ತಿದ್ದರು, ಅದರಲ್ಲಿ ತಪ್ಪೂ ಇರುತ್ತಿರಲಿಲ್ಲ. ವೇರಿಂಗ್‌ರನ್ನು ಮೆಚ್ಚುವವರು ಈ ಪ್ರಶ್ನೆಯನ್ನು ಬದಿಗೆ ಸರಿಸುತ್ತಾರೆ. ಅದು ಸರಿಯುವಂಥದ್ದಲ್ಲ. ಆ ಕಾಲದ ದಕ್ಷಿಣದಲ್ಲಿ ಬೇರೆ ನ್ಯಾಯಾಧೀಶರು ಬಿಳಿಯರ ಶಾಲಾ ಮಂಡಳಿಗಳೊಡನೆ ಊಟ ಮಾಡುತ್ತ ಅವರ ಕೇಸು ಕೇಳುತ್ತಿದ್ದರು, ಯಾರೂ ತಕರಾರು ತೆಗೆಯುತ್ತಿರಲಿಲ್ಲ ಎಂಬುದನ್ನು ಅದರ ಪಕ್ಕದಲ್ಲಿಡಬಹುದು, ಅಷ್ಟೇ.

1951ರ ಮೇ 28ರ ಬೆಳಿಗ್ಗೆ ಕ್ಲಾರೆಂಡನ್ನಿನಿಂದ ಕಾರುಗಳ ಸಾಲು ಚಾರ್ಲ್ಸ್‌ಟನ್ನಿಗೆ ಬಂತು. ಕೋರ್ಟಿನ ಹಜಾರ, ಮೆಟ್ಟಿಲು, ಬೀದಿ ತುಂಬ ಕಪ್ಪು ಜನ. ವೇರಿಂಗ್ ಜೊತೆ ಕುಳಿತಿದ್ದವರು ಜಾನ್ ಪಾರ್ಕರ್ ಮತ್ತು ಜಾರ್ಜ್ ಬೆಲ್ ಟಿಮ್ಮರ್‌ಮನ್. ಪಾರ್ಕರ್ 1930ರಲ್ಲಿ ಸುಪ್ರೀಂ ಕೋರ್ಟಿಗೆ ಹೆಸರಿಸಲ್ಪಟ್ಟು, ಎನ್‌ಎಎಸಿಪಿಯೂ ಸೇರಿ ಮಾಡಿದ ವಿರೋಧದಿಂದ ಸೆನೆಟ್‌ನಲ್ಲಿ ಎರಡೇ ಮತಗಳಿಂದ ಸೋತವರು. ಶಾಲಾ ಮಂಡಳಿಯ ವಕೀಲ ರಾಬರ್ಟ್ ಫಿಗ್ ಎದ್ದು ನಿಂತವರೇ ಯಾರೂ ನಿರೀಕ್ಷಿಸದ ಮಾತಾಡಿದರು. ಹೌದು, ಶಾಲೆಗಳು ಸಮಾನವಾಗಿಲ್ಲ, ಸರಿಪಡಿಸಲು ಕಾಲಾವಕಾಶ ಕೊಡಿ. ಬಿದ್ದುಹೋಗುವ ಕಟ್ಟಡ, ಬಚ್ಚಲಿಲ್ಲದ ಶಾಲೆ, ಬಸ್ಸಿಲ್ಲದ ದಾರಿ ಎಂದು ಮಾರ್ಷಲ್ ಜೋಡಿಸಿಟ್ಟುಕೊಂಡಿದ್ದ ಪುರಾವೆಗಳಿಗೆ ಕೆಲಸವೇ ಇಲ್ಲದಂತಾಯಿತು. ರಾಜ್ಯ ಆಗಲೇ ಗವರ್ನರ್ ಜೇಮ್ಸ್ ಬರ್ನ್ಸ್ ನೇತೃತ್ವದಲ್ಲಿ ಮೂರು ಪರ್ಸೆಂಟ್ ಮಾರಾಟ ತೆರಿಗೆ ಹಾಕಿ ಕಪ್ಪು ಮಕ್ಕಳಿಗೆ ಹೊಸ ಶಾಲೆ ಕಟ್ಟಿಸಲು ಹೊರಟಿತ್ತು, ಬೇರ್ಪಡಿಸುವಿಕೆಯನ್ನು ಉಳಿಸಿಕೊಳ್ಳಲೆಂದೇ.

ಆಗ ಮಾರ್ಷಲ್ ಕರೆದದ್ದು ಮನಶ್ಶಾಸ್ತ್ರಜ್ಞ ಕೆನೆತ್ ಕ್ಲಾರ್ಕ್‌ರನ್ನು. ಹೆಂಡತಿ ಮೇಮಿ ಜೊತೆ ಸೇರಿ ಅವರು ರೂಪಿಸಿದ್ದ ಪರೀಕ್ಷೆ ತೀರ ಸರಳ: ಬಣ್ಣವೊಂದನ್ನು ಬಿಟ್ಟು ಮತ್ತೆಲ್ಲ ಒಂದೇ ಥರದ ಗೊಂಬೆಗಳು. ಕ್ಲಾರೆಂಡನ್ನಿನ ಹದಿನಾರು ಕಪ್ಪು ಮಕ್ಕಳಿಗೆ ಅವನ್ನು ತೋರಿಸಿದಾಗ ಹತ್ತು ಮಕ್ಕಳು ಬಿಳಿ ಗೊಂಬೆಯೇ ಇಷ್ಟ ಎಂದರು. ಹನ್ನೊಂದು ಮಕ್ಕಳಿಗೆ ಕೆಟ್ಟದಾಗಿ ಕಂಡದ್ದು ಕಂದು ಗೊಂಬೆ. ವಿಜ್ಞಾನದ ದೃಷ್ಟಿಯಿಂದ ಹದಿನಾರು ಮಕ್ಕಳ ಪರೀಕ್ಷೆ ಎಷ್ಟು ಗಟ್ಟಿ ಎಂಬ ಚರ್ಚೆ ಇಂದಿಗೂ ಇದೆ. ಕೋರ್ಟಿನೊಳಗೆ ಅದು ಮಾಡಿದ ಕೆಲಸ ಬೇರೆ. ಒಳ್ಳೆಯ ಕಟ್ಟಡ ಕಟ್ಟಿಕೊಟ್ಟರೂ ಸರಿಹೋಗದ ಗಾಯವೊಂದಿದೆ ಎಂಬುದನ್ನು ದಾಖಲೆಗೆ ತಂದಿತು.

ಜೂನ್‌ನಲ್ಲಿ ತೀರ್ಪು ಬಂತು, ಲೆಕ್ಕ ಹಾಕಿದಂತೆಯೇ ಎರಡಕ್ಕೆ ಒಂದು. ಶಾಲೆಗಳನ್ನು ಸಮಾನ ಮಾಡಿ, ಬೇರ್ಪಡಿಸುವುದು ರಾಜ್ಯಕ್ಕೆ ಬಿಟ್ಟದ್ದು ಎಂದು ಪಾರ್ಕರ್ ಬರೆದರು. ವೇರಿಂಗ್ ಬರೆದ ಇಪ್ಪತ್ತು ಪುಟಗಳ ಭಿನ್ನ ತೀರ್ಪು ಮೊದಲು ಫಿರ್ಯಾದಿಗಳ ಹೋಲಿಕೆಯಿಲ್ಲದ ಧೈರ್ಯವನ್ನು ಹೊಗಳುತ್ತದೆ. ಇಡೀ ವಿಚಾರಣೆಯಲ್ಲಿ ನಿಜಕ್ಕೂ ಕಳೆದುಕೊಳ್ಳುವುದಿದ್ದವರು ಅವರೇ ಎಂಬುದನ್ನು ನ್ಯಾಯಾಧೀಶರು ಮರೆತಿರಲಿಲ್ಲ. ಅದರ ತಿರುಳು: ಬೇರ್ಪಡಿಸುವುದೇ ಅಸಮಾನತೆ, ಅದು ಹೋಗಬೇಕು, ಈಗಲೇ ಹೋಗಬೇಕು. ಅಮೆರಿಕದ ಫೆಡರಲ್ ನ್ಯಾಯಾಧೀಶರೊಬ್ಬರು ಶಾಲೆಗಳ ವಿಷಯದಲ್ಲಿ ಇಷ್ಟು ಬಿಚ್ಚುಮಾತಿನಲ್ಲಿ ಹೀಗೆ ಬರೆದದ್ದು ಇದೇ ಮೊದಲು.

ಫೆಡರಲ್ ನ್ಯಾಯಾಧೀಶ ಎಪ್ಪತ್ತು ದಾಟಿ ಹತ್ತು ವರ್ಷ ಸೇವೆ ಮುಗಿಸಿದ್ದರೆ ಪೂರ್ಣ ಸಂಬಳದ ಮೇಲೆ ನಿವೃತ್ತಿ ಪಡೆಯಬಹುದಿತ್ತು. ವೇರಿಂಗ್‌ಗೆ ಹತ್ತು ವರ್ಷ ತುಂಬಿದ್ದು 1952ರ ಜನವರಿಯಲ್ಲಿ. ಫೆಬ್ರುವರಿ 15ಕ್ಕೆ ನಿವೃತ್ತಿ, ಅಲ್ಲಿಂದ ನ್ಯೂಯಾರ್ಕ್. ಆದರ್ಶದ ಕಥೆ ಹೇಳುವವರು ಈ ಲೆಕ್ಕಾಚಾರವನ್ನು ಮುಚ್ಚಿಡುತ್ತಾರೆ, ಮುಚ್ಚಿಡುವಂಥದ್ದೇನೂ ಅದರಲ್ಲಿಲ್ಲ. 1954ರ ಮೇ 17ರಂದು ಸುಪ್ರೀಂ ಕೋರ್ಟು ಬ್ರೌನ್ ತೀರ್ಪಿನಲ್ಲಿ ಒಮ್ಮತದಿಂದ, ಬೇರೆ ಶಾಲೆಗಳು ಸ್ವಭಾವತಃ ಅಸಮಾನ ಎಂದಿತು. ಒಟ್ಟಿಗೆ ತೀರ್ಮಾನವಾದ ಐದು ಕೇಸುಗಳಲ್ಲಿ ಬ್ರಿಗ್ಸ್ ಕೂಡ ಒಂದು, ಆ ಕೋರ್ಟನ್ನು ಎಲ್ಲಕ್ಕಿಂತ ಮೊದಲು ಮುಟ್ಟಿದ್ದು. ಹೆಸರು ಮಾತ್ರ ಕಾನ್ಸಸ್‌ನ ಬ್ರೌನ್‌ರದು ನಿಂತಿತು. ಆ ಸಂಜೆ ವೇರಿಂಗ್ ದಂಪತಿಯ ನ್ಯೂಯಾರ್ಕ್ ಮನೆಯಲ್ಲಿ ವಾಲ್ಟರ್ ವೈಟ್ ಮೊದಲಾದ ಗೆಳೆಯರು ಸೇರಿ ಸಂಭ್ರಮಿಸಿದರು.

ಕ್ಲಾರೆಂಡನ್ನಿನವರಿಗೆ ಸಂಭ್ರಮವಿರಲಿಲ್ಲ. ಡಿಲೇನ್‌ರ ಮನೆ 1951ರಲ್ಲಿ, ಚರ್ಚು 1955ರಲ್ಲಿ ಸುಟ್ಟುಹೋದವು. ಮನೆಗೆ ಗುಂಡು ಹಾರಿಸಿದವರಿಗೆ ತಿರುಗಿ ಗುಂಡು ಹಾರಿಸಿದ ಪಾದ್ರಿ ರಾತ್ರೋರಾತ್ರಿ ಉತ್ತರಕ್ಕೆ ಓಡಿಹೋದರು. ಅವರ ಮೇಲಿನ ಬಂಧನದ ವಾರಂಟು ರದ್ದಾದದ್ದು 2000ದಲ್ಲಿ, ಅವರು ಸತ್ತು ಕಾಲು ಶತಮಾನದ ಮೇಲೆ. ಬ್ರಿಗ್ಸ್ ಕೆಲಸ ಹುಡುಕಿಕೊಂಡು ರಾಜ್ಯ ಬಿಟ್ಟರು.

ವೇರಿಂಗ್ 1968ರ ಜನವರಿ 11ರಂದು ತೀರಿಕೊಂಡರು. ದೇಹವನ್ನು ಚಾರ್ಲ್ಸ್‌ಟನ್ನಿನ ಮ್ಯಾಗ್ನೋಲಿಯಾ ಸ್ಮಶಾನಕ್ಕೆ ತಂದಾಗ ಸುಮಾರು ಇನ್ನೂರು ಕಪ್ಪು ಜನ ಬಂದಿದ್ದರು, ಬಿಳಿಯರು ಒಂದು ಡಜನ್ ಇದ್ದರೆ ಹೆಚ್ಚು. ಎಲಿಜಬೆತ್ ಅದೇ ವರ್ಷ ಹೋದರು.

ಊರು ಮನಸ್ಸು ಬದಲಿಸಲು ಇನ್ನೂ ನಾಲ್ಕು ದಶಕ ಹಿಡಿಯಿತು. ಅದೇ ಚಾರ್ಲ್ಸ್‌ಟನ್ ಪೀಠದ ಫೆಡರಲ್ ನ್ಯಾಯಾಧೀಶ ರಿಚರ್ಡ್ ಗರ್ಗೆಲ್ ವುಡರ್ಡ್ ಪ್ರಕರಣವನ್ನೂ ವೇರಿಂಗ್‌ರನ್ನೂ ಕುರಿತು ಬರೆದ ಪುಸ್ತಕ 2019ರಲ್ಲಿ ಬಂತು. 2014ರಲ್ಲಿ ಕೋರ್ಟಿನ ತೋಟದಲ್ಲಿ ವೇರಿಂಗ್ ಪ್ರತಿಮೆ ನಿಂತಿತು. ಪಕ್ಕದ ಫೆಡರಲ್ ಕೋರ್ಟು ಕಟ್ಟಡಕ್ಕೆ ಇದ್ದದ್ದು ಮಾಜಿ ಸೆನೆಟರ್ ಫ್ರಿಟ್ಜ್ ಹಾಲಿಂಗ್ಸ್ ಹೆಸರು. ತರುಣ ಶಾಸಕರಾಗಿದ್ದಾಗ ಅದೇ ಮೂರು ಪರ್ಸೆಂಟ್ ಶಾಲಾ ತೆರಿಗೆಗಾಗಿ ಓಡಾಡಿದವರು ಇವರು. ತೊಂಬತ್ತು ದಾಟಿದ ಹಾಲಿಂಗ್ಸ್ ತಮ್ಮ ಹೆಸರು ತೆಗೆದು ವೇರಿಂಗ್ ಹೆಸರು ಇಡಿ ಎಂದು ತಾವೇ ಕೇಳಿಕೊಂಡರು. 2015ರಲ್ಲಿ ಅದು ಜೆ. ವೇಟೀಸ್ ವೇರಿಂಗ್ ನ್ಯಾಯಾಂಗ ಕೇಂದ್ರವಾಯಿತು. ಬೇಟ್ಸ್‌ಬರ್ಗ್‌ನ ಕೋರ್ಟು ವುಡರ್ಡ್ ಮೇಲೆ 1946ರಲ್ಲಿ ಹೊರಿಸಿದ್ದ ಅಪರಾಧವನ್ನು 2018ರಲ್ಲಿ ರದ್ದು ಮಾಡಿತು. ವುಡರ್ಡ್ ಸತ್ತು ಆಗಲೇ ಇಪ್ಪತ್ತಾರು ವರ್ಷ.

ಬ್ರಿಗ್ಸ್ ಮಕ್ಕಳು ಓದಿದ ಸಮ್ಮರ್ಟನ್ ಊರಿನಲ್ಲಿ ಕೋರ್ಟಿನ ಒತ್ತಾಯಕ್ಕೆ ಸರ್ಕಾರಿ ಶಾಲೆಗಳ ಬಾಗಿಲು 1965ರಲ್ಲಿ ಎಲ್ಲರಿಗೂ ತೆರೆಯತೊಡಗಿದಾಗ, ಅದೇ ವರ್ಷ ಅಲ್ಲಿ ಕ್ಲಾರೆಂಡನ್ ಹಾಲ್ ಎಂಬ ಖಾಸಗಿ ಶಾಲೆ ಹುಟ್ಟಿತು. ಬಿಳಿಯ ಮಕ್ಕಳು ಅಲ್ಲಿಗೆ ಹೋದರು. ಊರಿನ ಸರ್ಕಾರಿ ಶಾಲೆಗಳಲ್ಲಿ ದಶಕಗಳ ನಂತರವೂ ಕೂತಿದ್ದವರು ಬಹುಪಾಲು ಕಪ್ಪು ಮಕ್ಕಳೇ.